ನಿತ್ಯಜೀವನದಲ್ಲಿ ಕಲೆಯ ನೆಲೆ

ಕಲೆಯೆಂಬ ಮಾತನ್ನು ಕೇಳಿದೊಡನೆ ಇಂದಿನ ಜನರ ಮನಸ್ಸು ನಾಟಕಶಾಲೆ, ಸಂಗೀತಸಭೆ, ಚಿತ್ರಪ್ರದರ್ಶನ ಇವುಗಳ ಕಡೆಗೆ ಹರಿಯುತ್ತದೆ. ಕಲೆಯು ಕೆಲವರಿಗೆ ಮಾತ್ರ ಒಲಿದು ಬಂದ ವರವೆಂದೂ, ಉಳಿದವರು ಅದನ್ನು ಹಣ ಕೊಟ್ಟು ನೋಡತಕ್ಕವರೆಂದೂ ಒಂದು ಭಾವನೆ ಬೇರೂರಿದೆ. ಅಡುಗೆಮನೆಯಲ್ಲಿ, ಹೊಲದಲ್ಲಿ, ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ಬೆಳಗಿನಿಂದ ಬೈಗಿನವರೆಗೆ ದುಡಿಯುವವರಿಗೂ ಕಲೆಗೂ ಸಂಬಂಧವೇ ಇಲ್ಲವೆಂದು ಇದರಿಂದ ಫಲಿಸುವುದು. ಈ ವಿಭಾಗವು ಯುಕ್ತವೇ? ಇದು ರಸಿಕರ ವಿನೋದಕ್ಕೆ ಬಿಟ್ಟ ಪ್ರಶ್ನೆಯಲ್ಲ. ಮನುಷ್ಯನು ತನ್ನ ಆಯುಷ್ಯದ ಬಹುಭಾಗವನ್ನು ಯಾವ ಭಾವದಿಂದ ಕಳೆಯುತ್ತಾನೆ, ಇತರರನ್ನು ಯಾವ ಭಾವದಿಂದ ದುಡಿಸುತ್ತಾನೆ ಎಂಬ ಧರ್ಮಪ್ರಶ್ನೆಯಾಗಿದೆ.

ನಮ್ಮ ಪೂರ್ವಿಕರು ಈ ಗೆರೆಯನ್ನು ಎಳೆದಿರಲಿಲ್ಲ. ವಾತ್ಸ್ಯಾಯನನು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಗೀತ, ವಾದ್ಯ, ನೃತ್ಯಗಳ ಜೊತೆಯಲ್ಲಿಯೇ ಅಕ್ಕಿ ಹೂಗಳಿಂದ ನೆಲವನ್ನು ಸಿಂಗರಿಸುವುದು, ಮಾಲೆ ಕಟ್ಟುವುದು, ಬಗೆಬಗೆಯ ಪಲ್ಯ ಭಕ್ಷ್ಯಗಳನ್ನು ಮಾಡುವುದು, ಸೂಜಿಗೆಲಸ, ಮರಗೆಲಸ ಇವೂ ಸೇರಿವೆ. ಆನಂದ ಕುಮಾರಸ್ವಾಮಿಯವರು (೧೮೭೭–೧೯೪೭) ತಮ್ಮ ಜೀವಮಾನವೆಲ್ಲ ಪ್ರತಿಪಾದಿಸಿದ ವಿಷಯವೂ ಇದೇ: ಪ್ರಾಚೀನ ಸಮಾಜದಲ್ಲಿ ಉಪಯೋಗದ ವಸ್ತು ಬೇರೆ, ಸೌಂದರ್ಯದ ವಸ್ತು ಬೇರೆ ಎಂಬ ಭೇದವಿರಲಿಲ್ಲ, ಮಾಡಬೇಕಾದುದನ್ನು ಸರಿಯಾಗಿ ಮಾಡುವ ಬಲ್ಮೆಗೇ ಕಲೆಯೆಂದು ಹೆಸರು.

ಹನ್ನೆರಡನೆಯ ಶತಮಾನದ ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೂಲು ತೆಗೆಯುವ ಕದಿರ ರೆಮ್ಮವ್ವೆಯು ತಾನು ತಿರುಗಿಸುವ ರಾಟೆಯ ಒಂದೊಂದು ಅಂಗದಲ್ಲಿಯೂ ಒಂದೊಂದು ತತ್ತ್ವವನ್ನು ಕಂಡಳು. ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೂ ದೋಣಿ ನಡೆಸುವ ಅಂಬಿಗರ ಚೌಡಯ್ಯನಿಗೂ ಅವರವರ ಕಸುಬೇ ಮಾತನ್ನು ಕಲಿಸಿತು. ಕೆಲಸವನ್ನು ಮುಗಿಸಿ ಎದ್ದ ಮೇಲೆ ಅವರು ಕವಿಗಳಾದುದಲ್ಲ. ಕೆಲಸದಲ್ಲಿ ಇಟ್ಟ ಲಕ್ಷ್ಯವೇ ಅವರ ವಾಣಿಯಾಯಿತು.

ಉತ್ತರ ಕರ್ನಾಟಕದ ಕಸೂತಿಯನ್ನು ದೃಷ್ಟಾಂತವಾಗಿ ತೆಗೆದುಕೊಂಡರೆ ವಿಷಯವು ವಿಶದವಾಗುವುದು. ಧಾರವಾಡದ ಸುತ್ತಣ ಪ್ರದೇಶದಲ್ಲಿ ಹೆಣ್ಣುಮಕ್ಕಳು ಇಳಕಲ್ಲ ಸೀರೆಗೂ ಕುಪ್ಪಸಕ್ಕೂ ಎಳೆಯ ಮಕ್ಕಳ ಕುಂಚಿಗೆಗೂ ಹಾಕುತ್ತ ಬಂದ ಈ ಸೂಜಿಗೆಲಸದಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳುಂಟು. ಬಟ್ಟೆಯ ಮೇಲೆ ಮುಂದಾಗಿ ಚಿತ್ರವನ್ನು ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿಯನ್ನು ಇಳಿಸಬೇಕು. ಒಂದೆಳೆ ತಪ್ಪಿದರೆ ಮುಂದಿನ ಆಕೃತಿ ಕೂಡುವುದಿಲ್ಲ. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿಯು ಒಂದೆಡೆ ಹೊಲಿದು ಒಂದೆಡೆ ಬಿಟ್ಟು ಮುಂದೆ ಸಾಗಿ, ಮರಳಿ ಬರುವಾಗ ಬಿಟ್ಟ ಎಡೆಗಳನ್ನು ತುಂಬುತ್ತ ಬರುತ್ತದೆ. ಆದುದರಿಂದ ಬಟ್ಟೆಯ ಹೊರಮೈ ಒಳಮೈ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಇಲ್ಲಿ ಕಲೆಯ ಮೂರು ಅಂಗಗಳು ಸ್ಪಷ್ಟವಾಗಿವೆ. ಎಣಿಕೆ ತಪ್ಪದಂತೆ ನೋಡುವ ಲಕ್ಷ್ಯವು ಮೊದಲನೆಯದು. ಗೋಪುರದ ಪಕ್ಕದಲ್ಲಿ ತೇರು ಬರಬೇಕೋ ನವಿಲು ಬರಬೇಕೋ, ಕೆಂಪಿನ ಮಗ್ಗುಲಲ್ಲಿ ಯಾವ ಬಣ್ಣ ಒಪ್ಪುವುದೋ ಎಂದು ತಾನೇ ನಿರ್ಣಯಿಸುವ ವಿವೇಚನೆ ಎರಡನೆಯದು. ಕಾಣದ ಒಳಮೈಗೂ ಹೊರಮೈಯಷ್ಟೇ ಉತ್ತರ ಕೊಡಬೇಕೆಂಬ ಹೊಣೆ ಮೂರನೆಯದು. ಸೀರೆಯ ಒಳಮೈಯನ್ನು ನೋಡುವವರು ಯಾರೆಂದು ಕೇಳಬಹುದು. ನೋಡುವವರಿಲ್ಲ ನಿಜ, ಆದರೆ ಉಟ್ಟವಳ ಮೈಗೆ ತಾಗುವುದು ಆ ಒಳಮೈಯೇ. ಇನ್ನು ನೂತನತೆಯೇ ಸೃಷ್ಟಿಶೀಲತೆಯ ಪ್ರಾಣವೆಂದು ಹೇಳುವವರು ಗಮನಿಸತಕ್ಕ ಅಂಶವೊಂದುಂಟು. ಗೋಪುರ, ತೇರು, ಆನೆ, ತುಳಸೀಕಟ್ಟೆ ಇವು ತಲೆಮಾರುಗಳಿಂದ ಬಂದ ಆಕೃತಿಗಳು. ಅವುಗಳನ್ನು ಹೊಲಿಯುವವಳು ಹೊಸ ಆಕೃತಿಯನ್ನು ಕಂಡುಹಿಡಿಯದಿದ್ದರೂ ಪ್ರತಿ ಸಲವೂ ಹೊಸದಾಗಿಯೇ ಎಣಿಸುತ್ತಾಳೆ. ಅವಳ ಸೃಷ್ಟಿಯು ಆ ಎಣಿಕೆಯಲ್ಲಿದೆ.

ಇದಕ್ಕೆ ಯಂತ್ರಯುಗದ ಆಕ್ಷೇಪವೊಂದು ಎದುರಾಗುತ್ತದೆ. ೧೮೦೪ರಲ್ಲಿ ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡನು ರಂಧ್ರಗಳುಳ್ಳ ರಟ್ಟುಗಳ ಸಾಲಿನಿಂದ ಮಗ್ಗದ ಎಳೆಗಳನ್ನು ಎತ್ತಿಸುವ ಸಾಧನವನ್ನು ರೂಪಿಸಿದನು. ಯಾವ ಎಳೆ ಏಳಬೇಕೆಂಬ ನೆನಪು ನೇಕಾರನ ತಲೆಯಿಂದ ರಟ್ಟಿಗೆ ಹೋಯಿತು. ಆ ಉಪಾಯವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ೧೮೩೦ರ ದಶಕದಲ್ಲಿ ತನ್ನ ಗಣಕಯಂತ್ರದ ಯೋಜನೆಯಲ್ಲಿ ಸೇರಿಸಿಕೊಂಡನು. ಹೀಗೆ ಮಗ್ಗಕ್ಕೂ ಗಣಕಯಂತ್ರಕ್ಕೂ ನಂಟು ಹಳೆಯದು. ೨೦೨೨ರಿಂದ ಈಚೆಗಂತೂ ನಾಲ್ಕು ಮಾತುಗಳಲ್ಲಿ ಬೇಡಿಕೆಯನ್ನು ತಿಳಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಚಿತ್ರವನ್ನು ರಚಿಸಿಕೊಡುವ ಗಣಕಸಾಧನಗಳು ಸಾಮಾನ್ಯರ ಕೈಗೂ ಬಂದಿವೆ. ಹೊಸ್ತಿಲಿಗೆ ಅಂಟಿಸುವ ರಂಗವಲ್ಲಿ ಅಂಗಡಿಯಲ್ಲಿ ದೊರೆಯುತ್ತದೆ. ಎಲ್ಲವೂ ಸಿದ್ಧವಾಗಿ ಸಿಕ್ಕುವಾಗ ಕೈಯನ್ನೇಕೆ ದಣಿಸಬೇಕು ಎಂಬುದು ಆಕ್ಷೇಪದ ಸಾರ.

ಯಂತ್ರವು ಮಾಡಿದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಬೀಸುವ ಕಲ್ಲಿನ ಪದಗಳು ಮಧುರವಾಗಿದ್ದವೆಂದು ಹಿಟ್ಟಿನ ಗಿರಣಿಯನ್ನು ಹಳಿಯುವವರು, ನಸುಕಿನಲ್ಲಿ ಎದ್ದು ಬೀಸಿದವರ ತೋಳಿನ ನೋವನ್ನು ಅರಿಯರು. ಆದರೆ ಪ್ರತಿಯೊಂದು ಕೆಲಸಕ್ಕೂ ಎರಡು ಫಲಗಳುಂಟು. ಒಂದು ಹೊರಗೆ ನಿಲ್ಲುವ ವಸ್ತು. ಇನ್ನೊಂದು ಮಾಡಿದವನ ಒಳಗೆ ನಿಲ್ಲುವ ಸಂಸ್ಕಾರ. ಮೊದಲನೆಯ ಫಲವನ್ನು ಯಂತ್ರದಿಂದ ಪಡೆಯಬಹುದು, ಎರಡನೆಯದನ್ನು ಪಡೆಯಲಾಗದು. ಒಬ್ಬನು ಉಂಡರೆ ಇನ್ನೊಬ್ಬನ ಹಸಿವು ಹೇಗೆ ಹಿಂಗದೋ ಹಾಗೆಯೇ ಯಂತ್ರವು ಎಣಿಸಿದ ಎಳೆಯಿಂದ ಮನುಷ್ಯನಿಗೆ ತಾಳ್ಮೆ ಬರುವುದಿಲ್ಲ. ಯಾವ ಕೆಲಸದಲ್ಲಿ ದಣಿವೇ ಹೆಚ್ಚೋ ಅದನ್ನು ಯಂತ್ರಕ್ಕೆ ಒಪ್ಪಿಸಿದರೆ ಹಾನಿಯಿಲ್ಲ. ಯಾವುದರಲ್ಲಿ ಮನಸ್ಸು ತಿದ್ದಿಕೊಳ್ಳುತ್ತದೆಯೋ ಅದನ್ನೂ ಒಪ್ಪಿಸಿದವನು ಉಳಿದ ಸಮಯವನ್ನೇನು ಮಾಡುವನೆಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಇದೆಲ್ಲ ಹೊಟ್ಟೆ ತುಂಬಿದವರ ಮಾತು. ದಿನವಿಡೀ ಒಂದೇ ತಿರುಪನ್ನು ಬಿಗಿಯುವ ಕಾರ್ಮಿಕನಿಗೆ ಕೆಲಸದಲ್ಲಿ ಕಲೆಯನ್ನು ಕಾಣೆಂದು ಉಪದೇಶಿಸುವುದು ಗಾಯದ ಮೇಲೆ ಬರೆ ಎಳೆದಂತಲ್ಲವೇ? ಈ ಆಕ್ಷೇಪವನ್ನು ಒಪ್ಪಲೇಬೇಕು. ವಿವೇಚನೆಗೆ ಎಳ್ಳಷ್ಟೂ ಅವಕಾಶವಿಲ್ಲದ ಕೆಲಸದಲ್ಲಿ ಕಲೆ ಹುಟ್ಟದು. ಅದು ದುಡಿಯುವವನ ಕೊರತೆಯಲ್ಲ, ಕೆಲಸವನ್ನು ಹಾಗೆ ಏರ್ಪಡಿಸಿದವರ ದೋಷ. ಆದುದರಿಂದ ಉಪದೇಶವು ಮೊದಲು ದುಡಿಸುವವನಿಗೆ ಸಲ್ಲಬೇಕು. ಬಡಗಿಗೆ ಬಾಗಿಲಿನ ಅಳತೆಯನ್ನು ಹೇಳಿ ಚೌಕಟ್ಟಿನ ಅಂಚನ್ನು ಅವನ ಕೈಗೆ ಬಿಡುವ ಮನೆಯೊಡೆಯನೂ, ಮಗುವಿನ ಚಿತ್ರದಲ್ಲಿ ಎಲೆ ನೀಲಿಯಾದರೆ ಒಡನೆಯೇ ಅಳಿಸದೆ ಕಾರಣವನ್ನು ಕೇಳುವ ಉಪಾಧ್ಯಾಯನೂ, ಸೊಸೆಯ ಕೈಯ ರುಚಿಗೆ ಒಲೆಯನ್ನು ಬಿಟ್ಟುಕೊಡುವ ಅತ್ತೆಯೂ ಇತರರ ಕೆಲಸದಲ್ಲಿ ಕಲೆಗೆ ಎಡೆ ಮಾಡಿಕೊಟ್ಟವರೇ. ಇನ್ನೊಬ್ಬನ ಕೈಯಿಂದ ವಿವೇಚನೆಯನ್ನು ಕಸಿದುಕೊಂಡವನು ಅವನ ಶ್ರಮವನ್ನಷ್ಟೇ ಅಲ್ಲ, ಮನುಷ್ಯತ್ವದ ಒಂದಂಶವನ್ನೂ ಅಪಹರಿಸಿದಂತಾಗುವುದು.

ಹೊಗಳಿಕೆಯ ವಿಷಯದಲ್ಲಿಯೂ ಎಚ್ಚರವಿರಬೇಕು. ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸುವುದು ಕಣ್ಣಿಗೆ ಬಹಳ ಆಯಾಸಕರ. ಅಂಥ ಸೀರೆಯನ್ನು ಕೊಳ್ಳುವವರು ಆಹಾ ಎಂಥ ಕಲೆಯೆಂದು ತಲೆದೂಗಿ, ಬೆಲೆಯ ಮಾತು ಬಂದಾಗ ಜಗ್ಗಾಡುವುದುಂಟು. ಕಲೆಯೆಂಬ ಗೌರವದ ಹೆಸರನ್ನು ಕೊಟ್ಟು ಕೂಲಿಯಲ್ಲಿ ಕಡಿಮೆ ಮಾಡುವುದು ಹೊಗಳಿಕೆಯಲ್ಲ, ವಂಚನೆ. ಕೈಯನ್ನು ಕೊಂಡಾಡುವವನು ಕೈಗೆ ಸಲ್ಲಬೇಕಾದುದನ್ನು ಮೊದಲು ಸಲ್ಲಿಸಲಿ.

ಮಾಡುವವನಿಗೂ ಒಂದು ಮಿತಿಯುಂಟು. ಇಂದು ಅಂಗಳದ ರಂಗವಲ್ಲಿ ಮುಗಿಯುವ ಮುಂಚೆಯೇ ಅದರ ಛಾಯಾಚಿತ್ರವು ಮೊಬೈಲಿನಲ್ಲಿ ಊರೂರು ಸುತ್ತುತ್ತದೆ. ಹಂಚಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಮೆಚ್ಚಿದವರ ಸಂಖ್ಯೆಯನ್ನು ಎಣಿಸುತ್ತ ಕುಳಿತ ಕಣ್ಣು ಚುಕ್ಕೆಗಳನ್ನು ಎಣಿಸುವುದನ್ನು ಮರೆಯುವುದು. ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕೊಟ್ಟು ಬರಲು ಕಳುಹಿದ ಸಂಗತಿಯು ಸರ್ವವಿದಿತವಾಗಿದೆ. ಆ ವಿವೇಕವು ಅಕ್ಕಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಹೊಗಳಿಕೆಯನ್ನು ಆಯ್ದು ಮನೆ ತುಂಬಿಕೊಳ್ಳುವುದೂ ಸಂಗ್ರಹವೇ.

ಹೀಗೆ ವಿಚಾರಿಸಿದರೆ, ನಿತ್ಯಜೀವನದಲ್ಲಿ ಕಲೆಯ ಸಾಧನೆಗೆ ಬಹಳ ಸಲಕರಣೆಗಳು ಬೇಕಿಲ್ಲವೆಂದು ತಿಳಿಯುವುದು. ರೊಟ್ಟಿಯ ಅಂಚು ಒಡೆಯದಂತೆ ತಟ್ಟುವುದು, ಲೆಕ್ಕದ ಪುಸ್ತಕದಲ್ಲಿ ಅಂಕಿಗಳನ್ನು ನೆಟ್ಟಗೆ ಬರೆಯುವುದು, ಹರಿದ ಬಟ್ಟೆಗೆ ಒಪ್ಪುವ ತೇಪೆ ಹಾಕುವುದು ಇವುಗಳಲ್ಲಿಯೂ ಲಕ್ಷ್ಯ, ವಿವೇಚನೆ, ಹೊಣೆ ಮೂರಕ್ಕೂ ಎಡೆಯಿದೆ. ದೊಡ್ಡ ಕೃತಿಗಳನ್ನು ರಚಿಸುವ ಶಕ್ತಿ ಎಲ್ಲರಿಗೂ ಬಾರದು. ಆದರೆ ದಿನಕ್ಕೆ ಒಂದು ಕೆಲಸವನ್ನಾದರೂ ಒಳಮೈ ಹೊರಮೈ ಎರಡೂ ಒಂದಾಗುವಂತೆ ಮಾಡುವುದು, ತನ್ನ ಕೈಕೆಳಗೆ ದುಡಿಯುವವರಿಗೂ ಹಾಗೆ ಮಾಡುವಷ್ಟು ಬಿಡುವನ್ನೂ ಬೆಲೆಯನ್ನೂ ಕೊಡುವುದು ಬಹುಮಂದಿಗೆ ಸಾಧ್ಯವಾದುದೇ. ಸಾಧ್ಯವಾದುದನ್ನು ಮಾಡದೆ, ಕಲೆಯು ಪಟ್ಟಣದ ರಂಗಮಂದಿರದಲ್ಲಿದೆಯೆಂದು ಹುಡುಕುತ್ತ ಹೋಗುವುದು ಮನೆಯ ದೀಪವನ್ನು ಆರಿಸಿ ನೆರೆಮನೆಯ ಬೆಳಕನ್ನು ಹೊಗಳಿದಂತೆ.