ನೀರಿನಲ್ಲಿರುವವನ ವಿಚಾರಣೆ

ಮುಳುಗುತ್ತಿರುವವನನ್ನು ಎತ್ತುವದು ಒಳ್ಳೇದೋ ಎಂದು ಕೇಳಿದರೆ ಚಿಕ್ಕ ಮಕ್ಕಳು ಸಹ ಒಳ್ಳೇದೆಂದು ಹೇಳುವರು. ಆದರೆ ಅವನು ಅಪ್ಪಣೆಯಿಲ್ಲದೆ ಬರುವ ಪರದೇಶಿಯಾಗಿದ್ದು, ಅವನನ್ನು ದಡಕ್ಕೆ ತರುವದು ಸರಕಾರದವರಿಗೆ ಇಷ್ಟವಿಲ್ಲದಿದ್ದರೆ ಆಗ ಏನು ಹೇಳೋಣ? ಈ ಪ್ರಶ್ನೆಯು ಪಂಡಿತರ ಮುಂದೆ ಅಲ್ಲ, ಬಲೆ ಬೀಸಿ ಜೀವಿಸುವ ಬಡ ಬೆಸ್ತರ ಮುಂದೆ ಬಂತು.

ಬರ್ಮಾ ದೇಶದ, ಅಂದರೆ ಈಗಿನ ಮ್ಯಾನ್ಮಾರಿನ, ಪಡುವಣ ಕರಾವಳಿಯಲ್ಲಿ ರೋಹಿಂಗ್ಯಾ ಎಂಬ ಜನಾಂಗವುಂಟು. ಅವರಲ್ಲಿ ಹೆಚ್ಚಿನವರು ಮುಸಲ್ಮಾನರು. 1982ರ ಕಾಯಿದೆಯಿಂದ ಅವರು ಹುಟ್ಟಿದ ನಾಡಿನಲ್ಲಿಯೇ ಪೌರತ್ವವಿಲ್ಲದವರಾದರು. 2017ನೆಯ ಇಸವಿಯ ಆಗಸ್ಟ್ ತಿಂಗಳಿನಿಂದ ಸೈನ್ಯದವರು ಅವರ ಹಳ್ಳಿಗಳನ್ನು ಸುಡಲು, 7,00,000ಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶಕ್ಕೆ ಓಡಿಹೋದರು. ಅಲ್ಲಿನ ಗುಡಿಸಲುಗಳಲ್ಲಿ ಮಾಡುವದಕ್ಕೆ ಕೆಲಸವಿಲ್ಲದೆ, ಹಿಂದಿರುಗುವದಕ್ಕೆ ದಾರಿಯಿಲ್ಲದೆ ಬೇಸತ್ತವರು ದಲ್ಲಾಳಿಗಳಿಗೆ ಹಣ ತೆತ್ತು, ಮಲೇಸಿಯವನ್ನು ಸೇರಬೇಕೆಂದು ಹಳೇ ದೋಣಿಗಳನ್ನು ಹತ್ತುತ್ತಾರೆ. 2023ರಲ್ಲಿ ಹೀಗೆ ಹೊರಟವರು ಸುಮಾರು 4,500 ಮಂದಿ; ಅವರಲ್ಲಿ ಸತ್ತವರೂ ಕಾಣದೆ ಹೋದವರೂ ಸೇರಿ 569 ಮಂದಿ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯು ಲೆಕ್ಕ ಕೊಟ್ಟಿತು.

ಇಂಥ ಒಂದು ದೋಣಿಯನ್ನು 2020ರ ಜೂನ್ ತಿಂಗಳಲ್ಲಿ ಸುಮಾತ್ರ ದ್ವೀಪದ ಬಡಗಣ ತುದಿಯಾದ ಅಚೆಹ್ ಸೀಮೆಯ ಬೆಸ್ತರು ಕಂಡರು. ದೋಣಿಯು ಕೆಟ್ಟುಹೋಗಿತ್ತು, ಅದರಲ್ಲಿ ಸುಮಾರು ನೂರು ಮಂದಿಯಿದ್ದರು, ಹೆಂಗಸರೂ ಮಕ್ಕಳೂ ಬಹಳ. ಬೆಸ್ತರು ಅವರನ್ನು ತಮ್ಮ ದೋಣಿಗೆ ಹತ್ತಿಸಿಕೊಂಡರು. ಅದು ಕೊರೋನಾ ವ್ಯಾಧಿಯ ಕಾಲ. ಇವರಿಗೆ ಆಹಾರವನ್ನೂ ಎಣ್ಣೆಯನ್ನೂ ಕೊಟ್ಟು ತಿರಿಗಿ ಸಮುದ್ರಕ್ಕೆ ಕಳುಹಿಸಬೇಕೆಂಬದು ಅಧಿಕಾರಿಗಳ ಆಲೋಚನೆಯಾಗಿತ್ತು. ದಡದಲ್ಲಿ ಕೂಡಿದ ಹಳ್ಳಿಯವರು ಇದಕ್ಕೆ ಒಪ್ಪಲಿಲ್ಲ. ಜೂನ್ 25ರಂದು ಅವರು ತಾವೇ ಆ ಜನರನ್ನು ದಡಕ್ಕೆ ತಂದು ಇಳಿಸಿದರು.

ಅಚೆಹಿನ ಬೆಸ್ತರಲ್ಲಿ ಪಂಗ್ಲಿಮ ಲಾವೊತ್ ಎಂಬ ಯಜಮಾನನುಂಟು. ಸಮುದ್ರದ ದಳವಾಯಿ ಎಂದು ಆ ಹೆಸರಿನ ಅರ್ಥ. ಹಿಂದಿನ ಸುಲ್ತಾನರ ಕಾಲದಿಂದ ಬಂದ ಪದ್ಧತಿ ಇದು. ಮೀನುಗಾರರ ಜಗಳಗಳನ್ನು ತೀರಿಸುವದು ಅವನ ಕೆಲಸ. ಸಮುದ್ರದಲ್ಲಿ ಆಪತ್ತಿಗೆ ಸಿಕ್ಕಿದವರನ್ನು ಕಂಡವನು ಸಹಾಯ ಮಾಡಲೇಬೇಕೆಂಬದು ಅವನು ಕಾಯುವ ಕಟ್ಟಳೆಗಳಲ್ಲಿ ಒಂದು. ಅವರೂ ಮುಸಲ್ಮಾನರಾದ್ದರಿಂದ ತಮ್ಮವರನ್ನು ಎತ್ತಿದರು, ಇದರಲ್ಲೇನು ದೊಡ್ಡದು ಎಂದು ಯಾರಾದರೂ ಅಂದಾರು. ಆದರೆ ಆ ಕಟ್ಟಳೆಯು ಮತವನ್ನು ಕೇಳುವದಿಲ್ಲ. ಓದು ಬಲ್ಲ ರಾಜ್ಯಗಳು ಸಹ ಇದನ್ನೇ ಬರೆದಿಟ್ಟವು. 1910ರಲ್ಲಿ ಬ್ರಸ್ಸೆಲ್ಸ್ ಪಟ್ಟಣದಲ್ಲಿ ಮಾಡಿಕೊಂಡ ಒಡಂಬಡಿಕೆಯ ಪ್ರಕಾರ ಹಡಗಿನ ಯಜಮಾನನು, ತನ್ನ ಹಡಗಿಗೂ ತನ್ನವರಿಗೂ ಘೋರ ಅಪಾಯವಿಲ್ಲದಿದ್ದರೆ, ಸಾಯುವ ಸ್ಥಿತಿಯಲ್ಲಿರುವವನು ಶತ್ರುವಾಗಿದ್ದರೂ ಅವನಿಗೆ ನೆರವಾಗಬೇಕು.

ಇದಕ್ಕೆ ವಿರೋಧವಾಗಿ ಹೇಳುವವರ ಮಾತನ್ನು ನಾವು ತಳ್ಳಿಬಿಡಲಾಗದು. ನೀವು ಎತ್ತುತ್ತೀರೆಂದು ತಿಳಿದರೆ ಇನ್ನೂ ಅನೇಕರು ಹೊರಡುವರು, ದಲ್ಲಾಳಿಗಳು ಕೊಬ್ಬುವರು, ಕಡೆಗೆ ಹೆಚ್ಚು ಮಂದಿ ಸಾಯುವರು ಎನ್ನುತ್ತಾರೆ. ದಲ್ಲಾಳಿಗಳು ದುಷ್ಟರೆಂಬದು ನಿಜ. ಅವರನ್ನು ಹಿಡಿದು ದಂಡಿಸುವದು ನ್ಯಾಯ. ಆದರೆ ಈ ವಾದದ ಒಳಗೇನಿದೆಯೆಂದು ನೋಡಿರಿ. ಇನ್ನೂ ಹೊರಡದವನಿಗೆ ಬುದ್ಧಿ ಬರಲೆಂದು ಈಗ ಕೈಯೆತ್ತಿ ಕೂಗುತ್ತಿರುವ ಕೂಸಿನ ತಾಯಿಯನ್ನು ಸಾಯಗೊಡಿಸಬೇಕು. ಅವಳ ಹೆಣವು ಬೇರೆಯವರಿಗೆ ಎಚ್ಚರಿಕೆಯ ಹಲಗೆಯಾಗಬೇಕು. ಬಾವಿಗೆ ಬಿದ್ದವನ ಕುಲ ವಿಚಾರಿಸಿ ಹಗ್ಗ ಬಿಡುವವನನ್ನು ನಾವು ಏನೆಂದು ಕರೆಯುವೆವು? ಬಾವಿಕಟ್ಟೆಯ ಮೇಲೆ ಹುಡುಗರು ಆಡಬಾರದೆಂದು ಕಲಿಸುವದಕ್ಕೋಸ್ಕರ ಅವನನ್ನು ಅಲ್ಲಿಯೇ ಬಿಡುವವನು ಇವನಿಗಿಂತಲೂ ಕೆಟ್ಟವನಲ್ಲವೋ?

ಪೌಲನ ಹಡಗು ಒಡೆದ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಹಡಗಿನಲ್ಲಿದ್ದ 276 ಮಂದಿಯಲ್ಲಿ ಸೆರೆಯವರೂ ಇದ್ದರು. ಈಗ ಮಾಲ್ಟಾ ಎನ್ನಿಸಿಕೊಳ್ಳುವ ಆ ದ್ವೀಪದವರು ಮಳೆಯಲ್ಲಿ ನಡುಗುವವರನ್ನು ಕಂಡು ಬೆಂಕಿ ಹೊತ್ತಿಸಿದರು. ಹಾವು ಕೈಗೆ ಸುತ್ತಿಕೊಂಡಾಗ ಪೌಲನು ಕೊಲೆಗಾರನಿರಬೇಕೆಂಬ ಸಂಶಯವೂ ಅವರಿಗೆ ಹುಟ್ಟಿತು. ಆದರೆ ಸಂಶಯಕ್ಕಿಂತ ಮೊದಲು ಬೆಂಕಿಯು ಉರಿಯುತ್ತಿತ್ತು. ಇವನು ಯಾರು, ಇವನ ಹತ್ತಿರ ಯಾವ ಕಾಗದವಿದೆ, ಇವನನ್ನು ಇಟ್ಟುಕೊಳ್ಳಬಹುದೋ ಎಂಬ ವಿಚಾರಣೆಯು ಒಣನೆಲದ ಮೇಲೆ ನಡೆಯತಕ್ಕದ್ದು. ಅದು ನಡೆಯಬಾರದೆಂದು ನಾವು ಹೇಳುವದಿಲ್ಲ.

ಎತ್ತಿದವರಿಗೆ ನಷ್ಟವೂ ಉಂಟು. ಅದೇ ಮಾಲ್ಟಾದ ಸಮುದ್ರದಲ್ಲಿ 2007ರ ಆಗಸ್ಟ್‌ನಲ್ಲಿ ಟ್ಯುನೀಸಿಯದ ಬೆಸ್ತರು 44 ಮಂದಿಯನ್ನು ರಕ್ಷಿಸಿ ಇಟಲಿಯ ಲಾಂಪೆಡೂಸ ದ್ವೀಪಕ್ಕೆ ತಂದಾಗ ಅವರನ್ನೇ ಸೆರೆಹಿಡಿದರು. ಇಬ್ಬರು ನಾವಿಕರಿಗೆ 2009ರಲ್ಲಿ ಶಿಕ್ಷೆಯಾಗಿ, 2011ರಲ್ಲಿ ಮೇಲಣ ನ್ಯಾಯಸ್ಥಾನವು ಅವರನ್ನು ನಿರಪರಾಧಿಗಳೆಂದು ಬಿಟ್ಟಿತು. ಅಷ್ಟರಲ್ಲಿ ಅವರ ಜೀವನಾಧಾರವೇ ಹೋಗಿತ್ತು.

ಅಚೆಹಿನಲ್ಲಿಯೂ ಮನಸ್ಸುಗಳು ಮಾರ್ಪಟ್ಟವು. ದೋಣಿಗಳು ಮೇಲಿಂದ ಮೇಲೆ ಬಂದವು, ಬಂದವರ ಭಾರವು ಬಡ ಹಳ್ಳಿಗಳ ಮೇಲೆ ಬಿತ್ತು, ಸುಳ್ಳು ಸುದ್ದಿಗಳೂ ಹಬ್ಬಿದವು. 2023ರ ನವೆಂಬರಿನಲ್ಲಿ ಸುಮಾರು 250 ಮಂದಿಯಿದ್ದ ದೋಣಿಯನ್ನು ಬಡಗಣ ಅಚೆಹಿನ ಜನರೇ, ಆಹಾರ ಕೊಟ್ಟು, ಸಮುದ್ರಕ್ಕೆ ಹಿಂದೆ ನೂಕಿದರು. ಅವರನ್ನು ದೂಷಿಸುವದು ಸುಲಭ. ಆದರೆ ಮೊದಲು ಎತ್ತಿದವರ ಬೆನ್ನ ಮೇಲೆಯೇ ಎಲ್ಲಾ ಭಾರವನ್ನು ಬಿಟ್ಟು ದೂರ ಕೂತ ಐಶ್ವರ್ಯವಂತ ರಾಜ್ಯಗಳ ಪಾಲು ಇದರಲ್ಲಿ ಎಷ್ಟೆಂಬದನ್ನೂ ಕೇಳಬೇಕು.

2024ರ ಮಾರ್ಚ್ 20ರಂದು ಪಡುವಣ ಅಚೆಹಿನ ಆಚೆ ಮತ್ತೊಂದು ದೋಣಿ ಮಗುಚಿತು. ದಡದಲ್ಲಿ ಬೇಡವೆನ್ನುವವರು ಆಗಲೂ ಇದ್ದರು. ಮೀನು ಹಿಡಿಯಲು ಹೋಗಿದ್ದ ಬೆಸ್ತರು ಆರು ಮಂದಿಯನ್ನು ನೀರಿನಿಂದ ಎತ್ತಿ ತಂದು ಸುದ್ದಿ ಮುಟ್ಟಿಸಿದರು. ಮಾರನೆಯ ದಿನ ಸರಕಾರದ ಹಡಗು ಹೋಗಿ ನೋಡಲಾಗಿ, ಬೋರಲಾದ ದೋಣಿಯ ಬೆನ್ನ ಮೇಲೆ ಇನ್ನೂ 69 ಮಂದಿ ಜೀವದಿಂದಿದ್ದರು.