ದೇವರ ಪಾತ್ರಕ್ಕೆ ಯೋಗ್ಯರು ಯಾರು

2025ನೆಯ ಇಸವಿಯ ಆಗಸ್ಟ್ ತಿಂಗಳ ಮೊದಲ ಮೂರು ರಾತ್ರಿ, ಲಾಸ್ ಏಂಜಲೀಸ್ ನಗರದ ಗುಡ್ಡಗಳ ನಡುವಣ ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ, ಹದಿನೇಳು ಸಾವಿರಕ್ಕೂ ಮಿಕ್ಕ ಜನ ಕೂರಬಹುದಾದ ಆ ವಿಶಾಲವಾದ ಮೆಟ್ಟಿಲುಸಾಲುಗಳ ಮುಂದೆ, ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಎಂಬ ಸುಪ್ರಸಿದ್ಧ ಗೀತನಾಟಕವು ಮತ್ತೊಮ್ಮೆ ರಂಗವನ್ನೇರಿತು. ಟಿಮ್ ರೈಸ್ ಪದಗಳನ್ನು ಬರೆದು, ಆಂಡ್ರೂ ಲಾಯ್ಡ್ ವೆಬರ್ ಸಂಗೀತವನ್ನು ಹೊಂದಿಸಿದ ಈ ಕೃತಿಯು 1970ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದು, ಮರುವರ್ಷ ನ್ಯೂಯಾರ್ಕಿನ ಬ್ರಾಡ್‌ವೇಯನ್ನು ಕಂಡು, ಅಲ್ಲಿಂದ ಮುಂದೆ ಲೋಕದ ಎಷ್ಟೋ ನಗರಗಳಲ್ಲಿ ಪ್ರಯೋಗವಾಗಿರುವುದರಿಂದ, ಮರಳಿ ರಂಗಕ್ಕೆ ಬರುವುದು ಅದಕ್ಕೆ ಹೊಸತಲ್ಲ. ಹೊಸತಾಗಿದ್ದುದು ಯೇಸುವಿನ ಪಾತ್ರವನ್ನು ವಹಿಸಿದವರು ಯಾರೆಂಬುದು. ನೈಜೀರಿಯ ಮೂಲದ ತಂದೆತಾಯಿಗಳಿಗೆ ಇಂಗ್ಲೆಂಡಿನಲ್ಲಿ ಜನಿಸಿದ, ತಲೆಗೂದಲನ್ನು ನುಣ್ಣಗೆ ತೆಗೆಸಿಕೊಂಡಿರುವ ಕೃಷ್ಣವರ್ಣದ ಗಾಯಕಿ ಸಿಂಥಿಯಾ ಎರಿವೋ ಅವರು ಕ್ರಿಸ್ತನಾಗಿ ಹಾಡಿದರು; ಆತನನ್ನು ಹಿಡಿದುಕೊಡುವ ಯೂದನಾಗಿ ಶ್ವೇತವರ್ಣದ ಆಡಮ್ ಲ್ಯಾಂಬರ್ಟ್ ಹಾಡಿದರು. ಇದು ಪ್ರಕಟವಾದಂದಿನಿಂದಲೇ ದೈವನಿಂದೆಯೆಂಬ ಕೂಗು ಒಂದು ಕಡೆಯಿಂದಲೂ, ಕಲೆಗೆ ಲಿಂಗವೆಲ್ಲಿ ವರ್ಣವೆಲ್ಲಿ ಎಂಬ ಪ್ರತ್ಯುತ್ತರ ಇನ್ನೊಂದು ಕಡೆಯಿಂದಲೂ ಎದ್ದವು. ಈ ಎರಡು ಮಾತುಗಳೂ ಪ್ರಶ್ನೆಯ ಹೊಸ್ತಿಲಲ್ಲೇ ನಿಂತುಬಿಟ್ಟವೆಂದು ನನಗೆ ತೋರುತ್ತದೆ.

ಕನ್ನಡ ನಾಡಿನ ವಾಚಕನಿಗೆ ಇದೊಂದು ಸಮಸ್ಯೆಯೆಂದೇ ಮೊದಲಿಗೆ ಅನಿಸದಿದ್ದರೆ ಆಶ್ಚರ್ಯವಿಲ್ಲ. ಯಕ್ಷಗಾನದ ಸ್ತ್ರೀವೇಷಗಳನ್ನು ಗಂಡಸರು ಕಟ್ಟಿ ಕುಣಿದುದನ್ನು ನೋಡುತ್ತ ಬೆಳೆದವರು ನಾವು. ಕಂಪನಿ ನಾಟಕಗಳ ಮೊದಲ ಕಾಲದಲ್ಲಿ ಸೀರೆಯುಟ್ಟು ಮೂಗುತಿಯಿಟ್ಟು ಬರುತ್ತಿದ್ದ ಗಂಡಸರ ಕಂದಪದ್ಯಗಳಿಗೆ ‘ವನ್ಸ್ ಮೋರ್’ ಕೂಗಿದವರು ನಮ್ಮ ಅಜ್ಜಂದಿರು. ಇನ್ನು ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿಯಾದರೋ ಕೃಷ್ಣನೂ ಹೆಣ್ಣೇ, ಕಂಸನೂ ಹೆಣ್ಣೇ. ಗದೆ ಹೊತ್ತು ಮೀಸೆ ತಿರುವಿ ಆ ತಾಯಿ ರಂಗದ ಮೇಲೆ ನಿಂತರೆ ಸಭೆಯಲ್ಲಿ ಯಾರೂ ಅದನ್ನು ಧರ್ಮಸಂಕಟವೆಂದು ಭಾವಿಸಲಿಲ್ಲ. ಭರತನ ನಾಟ್ಯಶಾಸ್ತ್ರವಂತೂ ಇದಕ್ಕೆಲ್ಲ ಮೊದಲೇ ಅವಕಾಶ ಕಲ್ಪಿಸಿಟ್ಟಿದೆ. ಪಾತ್ರಕ್ಕೆ ತಕ್ಕ ವಯಸ್ಸಿನ ಗಂಡು ಗಂಡಾಗಿಯೂ ಹೆಣ್ಣು ಹೆಣ್ಣಾಗಿಯೂ ಅಭಿನಯಿಸುವುದು ಅನುರೂಪ. ಬಾಲಕನು ವೃದ್ಧನನ್ನೋ ವೃದ್ಧನು ಬಾಲಕನನ್ನೋ ಅಭಿನಯಿಸುವುದು ವಿರೂಪ. ಗಂಡು ಹೆಣ್ಣಿನ, ಹೆಣ್ಣು ಗಂಡಿನ ಸ್ವಭಾವವನ್ನು ಧರಿಸುವುದು ರೂಪಾನುಸಾರಿಣಿ. ಮೂರನೆಯದು ಅಲ್ಲಿ ಅಪವಾದವಲ್ಲ, ಅಪರಾಧವಂತೂ ಅಲ್ಲ. ಮೂರು ಬಗೆಗಳಲ್ಲಿ ಒಂದು ಬಗೆ. ಅಷ್ಟೇ ಏಕೆ, ನಮ್ಮ ಭಗವಂತನು ತಾನೇ ಮೋಹಿನಿಯಾಗಿ ಭಸ್ಮಾಸುರನ ಮುಂದೆ ಕುಣಿದವನಾದ ಮೇಲೆ, ಅವನ ವೇಷವನ್ನು ಒಬ್ಬ ಹೆಣ್ಣುಮಗಳು ಕಟ್ಟಿದಳೆಂದು ಮುನಿಸಿಕೊಳ್ಳುವ ಅಧಿಕಾರ ಅವನಿಗಾದರೂ ಎಲ್ಲಿಯದು?

ಆದರೆ ಈ ಸುಲಭವಾದ ಸಮಾಧಾನವನ್ನು ಆ ಹಾಲಿವುಡ್ಡಿನ ಗುಡ್ಡದವರೆಗೆ ಹೊತ್ತುಕೊಂಡು ಹೋಗುವುದು ನ್ಯಾಯವಲ್ಲ. ಹರಿದಾಸರು ಕೃಷ್ಣನನ್ನು ಕಪಟನಾಟಕ ಸೂತ್ರಧಾರಿಯೆಂದು ಕರೆದರೆಂಬುದನ್ನು ನೆನೆಯಬೇಕು. ಅವತಾರಿಯ ದೇಹವು ಅವನ ಲೀಲೆ. ಮತ್ಸ್ಯವೋ ವರಾಹವೋ ವಾಮನನೋ, ಕಾರ್ಯವಿರುವಷ್ಟು ಹೊತ್ತು ತೊಟ್ಟು ಕಾರ್ಯ ತೀರಿದ ಮೇಲೆ ಕಳಚಿಡುವ ರೂಪ. ದೇವರೇ ವೇಷಧಾರಿಯಾಗಿರುವಲ್ಲಿ ನಟನು ಕಟ್ಟುವುದು ವೇಷದ ಮೇಲೊಂದು ವೇಷವನ್ನು ಮಾತ್ರ. ಕ್ರೈಸ್ತ ಧರ್ಮವು ಈ ದಾರಿಯನ್ನು ತನ್ನ ಬಾಲ್ಯದಲ್ಲಿಯೇ ತಿಳಿದೂ ತಿಳಿದೂ ಮುಚ್ಚಿಕೊಂಡಿತು. ಯೇಸುವಿನ ಶರೀರವು ಬರಿಯ ತೋರಿಕೆ, ದೈವವು ನಿಜವಾಗಿ ಹಸಿಯಲಿಲ್ಲ, ಬೆವರಲಿಲ್ಲ, ಮೊಳೆಗಳ ನೋವನ್ನು ಉಣ್ಣಲಿಲ್ಲ ಎಂದು ಬೋಧಿಸಿದವರು ಆ ಮೊದಲ ಶತಮಾನಗಳಲ್ಲಿ ಇದ್ದರು. ಅವರನ್ನು ಸಭೆಯು ಪಾಷಂಡಿಗಳೆಂದು ಹೊರಗಿಟ್ಟಿತು. ಬಳಿಕ 451ರಲ್ಲಿ ಕಾಲ್ಸಿಡನ್ ಎಂಬಲ್ಲಿ ನೆರೆದ ಧರ್ಮಸಭೆಯು, ಕ್ರಿಸ್ತನು ಪೂರ್ಣವಾಗಿ ದೇವರು, ಪೂರ್ಣವಾಗಿ ಮನುಷ್ಯ, ಎರಡು ಸ್ವಭಾವಗಳುಳ್ಳ ಒಂದೇ ವ್ಯಕ್ತಿ ಎಂದು ನಿರ್ಣಯಿಸಿತು. ಎಂದರೆ, ಆ ದೇಹ ವೇಷವಲ್ಲ. ಒಂದೇ ಒಂದು ಬಾರಿ, ರೋಮಿನ ಚಕ್ರವರ್ತಿಗಳ ಆಳ್ವಿಕೆಯ ಒಂದು ಗೊತ್ತಾದ ಕಾಲದಲ್ಲಿ, ಗಲಿಲಾಯವೆಂಬ ಒಂದು ಗೊತ್ತಾದ ಸೀಮೆಯಲ್ಲಿ, ಒಬ್ಬ ಯೆಹೂದಿ ತಾಯಿಯ ಮಗನಾಗಿ ದೇವರು ಮಾಂಸವನ್ನು ಧರಿಸಿದನು, ಮತ್ತು ಅದನ್ನು ಕಳಚಿಡಲಿಲ್ಲ ಎಂಬುದು ಆ ಮತದ ಪ್ರಾಣ. ಹೀಗಿರುವಲ್ಲಿ, ಆ ಶರೀರದ ಯಾವ ಲಕ್ಷಣವೂ ಲೆಕ್ಕಕ್ಕಿಲ್ಲವೆಂದು ಹೊರಗಿನವನು ಹೇಳಿದರೆ ಭಕ್ತನಿಗೆ ನೋವಾಗುವುದು ಸಹಜ. ಆತ್ಮಕ್ಕೆ ಲಿಂಗಭೇದವಿಲ್ಲವೆಂದು ನಮ್ಮ ಜೇಡರ ದಾಸಿಮಯ್ಯನನ್ನು ನೆನಪಿಸಿ ಅವನ ಬಾಯಿ ಮುಚ್ಚಿಸಲಾಗದು. ಏಕೆಂದರೆ ಅವನು ಕೇಳುತ್ತಿರುವುದು ಆತ್ಮದ ಮಾತನ್ನಲ್ಲ, ಶರೀರದ ಮಾತನ್ನು.

ಇಷ್ಟನ್ನು ಒಪ್ಪಿದ ಮೇಲೆ ಇನ್ನೊಂದನ್ನು ವಿಚಾರಿಸದೆ ವಿಧಿಯಿಲ್ಲ. ಆ ಶರೀರದ ಎಷ್ಟು ಲಕ್ಷಣಗಳನ್ನು ನಾವು ನಟನಿಂದ ಕೇಳುತ್ತೇವೆ? ಆತನು ಯೆಹೂದಿ, ಆದರೆ 1971ರಿಂದ ಈಚೆಗೆ ಈ ಗೀತನಾಟಕದಲ್ಲಿ ಆತನ ಪಾತ್ರ ವಹಿಸಿದವರನ್ನು ಯಾರೂ ವಂಶವೃಕ್ಷ ಕೇಳಿ ಆರಿಸಲಿಲ್ಲ. ಆತನ ಆಡುನುಡಿ ಅರಮಾಯಿಕ್. ರಂಗದ ಮೇಲೆ ಆತನು ಇಂಗ್ಲಿಷಿನಲ್ಲಿ, ಅದೂ ರಾಕ್ ಸಂಗೀತದ ಅಬ್ಬರದಲ್ಲಿ ಹಾಡುತ್ತಾನೆ. ಪೂರ್ವದೇಶದ ಬಿಸಿಲಿನಲ್ಲಿ ಬಡಗಿಯ ಕೆಲಸ ಮಾಡಿದವನಿಗೆ ಐರೋಪ್ಯ ಚಿತ್ರಕಾರರು ಕೊಟ್ಟ ಹೊಂಗೂದಲೂ ನೀಲಿಗಣ್ಣೂ ಶತಮಾನಗಳ ಕಾಲ ಯಾರಿಗೂ ದೈವನಿಂದೆಯಾಗಿ ಕಾಣಲಿಲ್ಲ. ಅಷ್ಟನ್ನೆಲ್ಲ ಬಿಟ್ಟುಕೊಟ್ಟು ಗಡ್ಡವೊಂದನ್ನು ಮಾತ್ರ ಬಿಡಲಾರೆವೆಂದು ಹಿಡಿದು ನಿಲ್ಲುವುದಾದರೆ, ಆ ಗಡ್ಡಕ್ಕೇ ವಿಶೇಷವಾದ ಪಾವಿತ್ರ್ಯವೇನೆಂದು ಕೇಳುವ ಹಕ್ಕು ನಮಗುಂಟು.

ಈ ಪ್ರಶ್ನೆಗೆ ಗಂಭೀರವಾದ ಉತ್ತರವನ್ನು ಕೊಟ್ಟವರೂ ಉಂಟು. ಆದರೆ ಅವರು ನಾಟಕದ ವಿಷಯವಾಗಿ ಕೊಟ್ಟವರಲ್ಲ. ಸ್ತ್ರೀಯರಿಗೆ ಪಾದ್ರಿದೀಕ್ಷೆ ಸಲ್ಲದೆಂದು ರೋಮಿನ ಪೀಠವು 1976ರಲ್ಲಿ ಹೊರಡಿಸಿದ ಘೋಷಣೆಯಲ್ಲಿ, ಪರಂಪರೆಯ ಆಧಾರದ ಜೊತೆಗೆ ಒಂದು ಸಾದೃಶ್ಯದ ವಾದವೂ ಬರುತ್ತದೆ: ಪೂಜಾವೇದಿಕೆಯ ಮುಂದೆ ಪಾದ್ರಿಯು ಕ್ರಿಸ್ತನ ಸ್ಥಾನದಲ್ಲಿ ನಿಂತು ಕ್ರಿಸ್ತನ ಮಾತನ್ನೇ ಉಚ್ಚರಿಸುವುದರಿಂದ, ನೋಡುವ ಭಕ್ತನಿಗೆ ಆತನಲ್ಲಿ ಕ್ರಿಸ್ತನ ಸಹಜವಾದ ಹೋಲಿಕೆ ಗೋಚರಿಸಬೇಕು, ಆ ಸ್ಥಾನದಲ್ಲಿ ಸ್ತ್ರೀ ನಿಂತರೆ ಆ ಹೋಲಿಕೆ ದೊರೆಯದು. ದೇವಶಾಸ್ತ್ರದ ಗಾಂಭೀರ್ಯವನ್ನು ಒಂದು ಕ್ಷಣ ಬದಿಗಿಟ್ಟು ನೋಡಿದರೆ, ಇದು ಪಾತ್ರಹಂಚಿಕೆಯ ವಾದವಲ್ಲದೆ ಮತ್ತೇನು? ಭರತನು ಅನುರೂಪವೆಂದು ಕರೆದುದನ್ನೇ ರೋಮಿನ ಪಂಡಿತರು ಅನಿವಾರ್ಯವೆಂದರು. ಅದಕ್ಕೆ ಎದುರಾಗಿ ನಿಲ್ಲುವ ಮಾತೂ ಅದೇ ಪರಂಪರೆಯೊಳಗಿನದು, ಮತ್ತು ಅದಕ್ಕಿಂತ ಹಳೆಯದು. ನಾಲ್ಕನೆಯ ಶತಮಾನದ ನಾಜಿಯಾಂಜಸ್ಸಿನ ಗ್ರೆಗರಿಯು ಬೇರೊಂದು ವಾಗ್ವಾದದಲ್ಲಿ ಹಾಕಿಕೊಟ್ಟ ಸೂತ್ರದ ತಾತ್ಪರ್ಯವಿಷ್ಟು: ದೇವರು ಮನುಷ್ಯನಲ್ಲಿ ಏನನ್ನು ತನ್ನದಾಗಿ ತೆಗೆದುಕೊಳ್ಳಲಿಲ್ಲವೋ ಅದು ಸ್ವಸ್ಥವಾಗದೆ ಉಳಿಯಿತು. ಹಾಗಾದರೆ ಆತನು ತೆಗೆದುಕೊಂಡದ್ದು ಪುರುಷತ್ವವನ್ನೋ ಮನುಷ್ಯತ್ವವನ್ನೋ? ಮೊದಲನೆಯದೆಂದರೆ ಲೋಕದ ಅರ್ಧದಷ್ಟು ಜನ ಉದ್ಧಾರದ ಹೊರಗೆ ನಿಲ್ಲಬೇಕಾಗುತ್ತದೆ. ಎರಡನೆಯದೆಂದರೆ ಆ ಮನುಷ್ಯತ್ವವನ್ನು ಹೊತ್ತು ತೋರಿಸಲು ಹೆಣ್ಣಿನ ಶರೀರ ಅಶಕ್ತವೆನ್ನುವುದು ಕಷ್ಟವಾಗುತ್ತದೆ. ಯೆರೂಸಲೇಮನ್ನು ಕುರಿತು ಮರುಗುವಾಗ ಯೇಸುವು ತನ್ನನ್ನು ಮರಿಗಳನ್ನು ರೆಕ್ಕೆಯಡಿಗೆ ಕರೆದುಕೊಳ್ಳುವ ಹೇಂಟೆಗೆ ಹೋಲಿಸಿಕೊಂಡದ್ದನ್ನು ಸುವಾರ್ತೆಯೇ ಹೇಳುತ್ತದೆ. ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನಲ್ಲಿ ಚರ್ಚಿನ ಗೋಡೆಗೆ ಅಂಟಿದ ಕೋಣೆಯೊಂದರಲ್ಲಿ ಏಕಾಂತವಾಸ ಮಾಡುತ್ತಿದ್ದ ನಾರಿಚ್ಚಿನ ಜೂಲಿಯನ್ ಎಂಬ ತಪಸ್ವಿನಿಯಂತೂ ಆತನನ್ನು ತಾಯಿಯೆಂದೇ ಸಂಬೋಧಿಸಿ ಬರೆದಳು. ಶರಣಸತಿ ಲಿಂಗಪತಿ ಭಾವದಲ್ಲಿ ಗಂಡಸರೂ ಹೆಣ್ಣಾಗಿ ಹಾಡಿಕೊಂಡ ನಾಡಿನವರಿಗೆ ಅವಳ ಧೈರ್ಯ ತಿಳಿಯುತ್ತದೆ.

ಇನ್ನು ನಾಟಕದ ಒಳಕ್ಕೆ ಬರೋಣ. ಈ ಕೃತಿಯಲ್ಲಿ ಯೇಸುವಿನ ಪಾತ್ರದ ಶಿಖರವು ಗೆತ್ಸೇಮನೆ ತೋಟದ ಹಾಡು. ಶಿಷ್ಯರು ನಿದ್ದೆಹೋಗಿದ್ದಾರೆ, ಮರುದಿನ ಮರಣ ನಿಶ್ಚಿತ, ಒಬ್ಬಂಟಿಯಾಗಿ ಆತನು ತಂದೆಯೊಡನೆ ವಾದಕ್ಕೆ ನಿಲ್ಲುತ್ತಾನೆ: ನಾನೇಕೆ ಸಾಯಬೇಕು, ಸತ್ತರೆ ಫಲವೇನು ಎಂದು. ಮೆಲ್ಲನೆ, ಹೆಚ್ಚುಕಡಿಮೆ ಮಾತಿನ ಮಟ್ಟದಲ್ಲಿ ಆರಂಭವಾಗುವ ಆ ಹಾಡು ಏರುತ್ತ ಏರುತ್ತ ಗಂಡುಕಂಠದ ಸಾಮಾನ್ಯವಾದ ಎಲ್ಲೆಯನ್ನು ದಾಟಿಬಿಡುತ್ತದೆ. 1970ರ ಮುದ್ರಿಕೆಯಲ್ಲಿ ಇಯಾನ್ ಗಿಲ್ಲನ್, 1973ರ ಚಲನಚಿತ್ರದಲ್ಲಿ ಟೆಡ್ ನೀಲಿ, ಆ ಎತ್ತರಕ್ಕೆ ಬಂದಾಗ ತಮ್ಮ ದನಿಯನ್ನು ಬಿಟ್ಟು ಕಳ್ಳದನಿಗೆ ಜಿಗಿದು ಕಿರುಚುತ್ತಾರೆ. ಆ ಕಿರುಚು ಗಂಡಿನದೆಂದಾಗಲಿ ಹೆಣ್ಣಿನದೆಂದಾಗಲಿ ಕಣ್ಣು ಮುಚ್ಚಿ ಕೇಳಿದವನು ಹೇಳಲಾರ. ಎಂದರೆ, ವೇದನೆಯ ಪರಾಕಾಷ್ಠೆಯಲ್ಲಿ ಈ ಕ್ರಿಸ್ತನು ಪುರುಷಸ್ವರದೊಳಗೆ ನಿಲ್ಲಲಾರನೆಂದು ಸಂಗೀತಕಾರನು ಮೊದಲಿಗೇ ಬರೆದಿಟ್ಟನು. ಬೇರೆಯವರು ಹಾರಿ ಮುಟ್ಟುತ್ತಿದ್ದ ನೆಲೆ ಹೆಣ್ಣುಕಂಠಕ್ಕೆ ಸಹಜವಾದ ನೆಲೆ. ಇದರಿಂದ ಲಾಭ ಮಾತ್ರವಾಯಿತೆನ್ನಲಾರೆ: ಎಲ್ಲೆಯನ್ನು ಮೀರುವಾಗಿನ ಆಯಾಸವೂ ಆ ಹಾಡಿನ ಅರ್ಥದ ಒಂದು ಪಾಲು, ಸಲೀಸಾಗಿ ಮುಟ್ಟಿದರೆ ಆ ಪಾಲನ್ನು ಗಾಯಕಿ ಬೇರೆಲ್ಲಿಂದಲಾದರೂ ತರಬೇಕಾಗುತ್ತದೆ. ಈ ಬಗೆಯ ಕಲಾವಿಚಾರ ಆ ಗದ್ದಲದಲ್ಲಿ ಯಾರಿಗೆ ಬೇಕಿತ್ತು!

ಕಾಶ್ಮೀರದ ಶಂಕುಕನು ರಂಗದ ಮೇಲಣ ರಾಮನನ್ನು ಚಿತ್ರದಲ್ಲಿ ಬರೆದ ಕುದುರೆಗೆ ಹೋಲಿಸಿದನೆಂದು ನಮ್ಮ ಕಾವ್ಯಮೀಮಾಂಸೆಯನ್ನು ಓದಿದವರು ಬಲ್ಲರು. ಪ್ರೇಕ್ಷಕನು ನಟನನ್ನು ಕಂಡು ‘ಇವನೇ ರಾಮ’ ಎಂದು ನಿಜವಾಗಿ ನಂಬುವುದೂ ಇಲ್ಲ, ನಂಬಿ ಮೋಸಹೋಗುವುದೂ ಇಲ್ಲ, ರಾಮನೋ ಅಲ್ಲವೋ ಎಂದು ಸಂಶಯಪಡುವುದೂ ಇಲ್ಲ, ರಾಮನ ಹಾಗಿದ್ದಾನೆ ಎಂದು ಸಾದೃಶ್ಯ ಎಣಿಸುತ್ತ ಕೂರುವುದೂ ಇಲ್ಲ. ಈ ನಾಲ್ಕೂ ಅಲ್ಲದ ಬೇರೊಂದು ಪ್ರತೀತಿ ಅದು. ಶಂಕುಕನ ಸಿದ್ಧಾಂತವನ್ನು ಮುಂದಿನವರು ಖಂಡಿಸಿದರೂ ಈ ಒಂದು ಒಳನೋಟ ಉಳಿದುಕೊಂಡಿತು. ಪೂಜಾವೇದಿಕೆಗೂ ನಾಟಕದ ವೇದಿಕೆಗೂ ಇರುವ ಅಂತರವೂ ಇಲ್ಲಿಯೇ ಇದೆ. ಮೊದಲನೆಯ ಕಡೆ ರೊಟ್ಟಿಯು ನಿಜವಾಗಿ ಕ್ರಿಸ್ತನ ಶರೀರವಾಗುತ್ತದೆಂಬುದು ಕ್ಯಾಥಲಿಕ್ಕರ ಶ್ರದ್ಧೆ. ಎರಡನೆಯ ಕಡೆ ಯಾರೂ ಏನೂ ಆಗುವುದಿಲ್ಲ, ಅದು ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಕಣ್ಣೀರು ಬರುತ್ತದೆ. ರೋಮಿನವರ ಸಾದೃಶ್ಯವಾದವು ವೇದಿಕೆಯ ಮುಂದೆ ಸಲ್ಲುವುದೋ ಇಲ್ಲವೋ ಅವರಿಗೇ ಬಿಟ್ಟದ್ದು. ರಂಗದ ಮೇಲೆ ಅದಕ್ಕೆ ಕೆಲಸವಿಲ್ಲ.

ಅನುರೂಪತೆಯನ್ನೇ ನೆಚ್ಚಿದವರಿಗೆ ಅದರಿಂದ ರಕ್ಷಣೆಯಾದರೂ ದೊರೆಯಿತೇ ಎಂಬುದಕ್ಕೆ ಜರ್ಮನಿಯ ಬವೇರಿಯದ ಓಬರಾಮರ್ಗೌ ಗ್ರಾಮವನ್ನು ನೋಡಬಹುದು. 1633ರಲ್ಲಿ ಪ್ಲೇಗಿನಿಂದ ಪಾರಾಗಲು ಹೊತ್ತ ಹರಕೆಯಂತೆ 1634ರಿಂದ ಆ ಊರಿನವರು, ಈಗ ಹತ್ತು ವರ್ಷಗಳಿಗೊಮ್ಮೆ, ಕ್ರಿಸ್ತನ ಯಾತನೆಯನ್ನು ಹಾಡುಮೇಳದೊಂದಿಗೆ ಆಡುತ್ತ ಬಂದಿದ್ದಾರೆ. ಅಲ್ಲಿ ಹುಟ್ಟಿದವರೋ ಇಪ್ಪತ್ತು ವರ್ಷ ನೆಲಸಿದವರೋ ಮಾತ್ರ ಪಾತ್ರಕ್ಕೆ ಅರ್ಹರು. ಹಿಂದಿನ ವರ್ಷದಿಂದಲೇ ಗಂಡಸರು ಕೂದಲನ್ನೂ ಗಡ್ಡವನ್ನೂ ಕತ್ತರಿಸುವ ಹಾಗಿಲ್ಲ. 1990ರವರೆಗೆ ಮದುವೆಯಾದ ಹೆಂಗಸರಿಗೂ ಮೂವತ್ತೈದು ದಾಟಿದವರಿಗೂ ಪ್ರವೇಶವೇ ಇರಲಿಲ್ಲ. ಇಷ್ಟು ಕಟ್ಟುನಿಟ್ಟಿನ ಅನುರೂಪ ಪಾತ್ರಗಳ ನಡುವೆ ಯೆಹೂದಿ ಯಾಜಕರು ತಲೆಯ ಮೇಲೆ ಕೋಡುಳ್ಳ ಟೋಪಿ ಧರಿಸಿ ಬರುತ್ತಿದ್ದರು, ಮತ್ತು 1934ರಲ್ಲಿ ಅದನ್ನು ನೋಡಲು ಹಿಟ್ಲರನು ಬಂದಿದ್ದನು. ಆ ನಾಟಕದ ಪಾಠವನ್ನು ಶುದ್ಧಿಮಾಡಲು ಹೆಣಗಿದ ಕ್ರಿಸ್ಟಿಯಾನ್ ಸ್ಟುಕ್ಲ್ ಎಂಬ ನಿರ್ದೇಶಕನು 2022ರಲ್ಲಿ ಯೂದನ ಪಾತ್ರವನ್ನು ತುರ್ಕಿ ಮೂಲದ ಒಬ್ಬ ಮುಸಲ್ಮಾನ ತರುಣನಿಗೆ ಕೊಟ್ಟನು. ಗ್ರಾಮ ಮುಳುಗಲಿಲ್ಲ.

ಪಾತ್ರಹಂಚಿಕೆಯು ಅರ್ಥಹೀನವೆಂದು ಇದರಿಂದ ಹೇಳಿದಂತಾಗದು. ‘ಸೂಪರ್‌ಸ್ಟಾರ್’ನ 1973ರ ಚಿತ್ರದಲ್ಲಿ ಯೇಸು ಬಿಳಿಯನೂ ಯೂದನಾದ ಕಾರ್ಲ್ ಆಂಡರ್ಸನ್ ಕರಿಯನೂ ಆಗಿದ್ದಾಗ, ದ್ರೋಹಿಗೆ ಆ ಬಣ್ಣವೇಕೆ ಎಂದು ಕೆಲವರು ಕೇಳಿದ್ದು ಸರಿಯಾಗಿಯೇ ಇತ್ತು. ಈಗ ಬಣ್ಣಗಳು ಸ್ಥಾನ ಬದಲಿಸಿದುವು. ನೋಡುವ ಕಣ್ಣು ಅದನ್ನೂ ಗಮನಿಸದೆ ಇರದು. ನಟನ ಶರೀರ ಮಾತಾಡುತ್ತದೆ; ಅದು ಏನು ಹೇಳುತ್ತಿದೆಯೆಂಬುದನ್ನು ಕೇಳಿಸಿಕೊಳ್ಳಬೇಕೇ ಹೊರತು, ಬಾಯಿ ತೆರೆಯಬಾರದೆಂದು ಅಪ್ಪಣೆ ಮಾಡಲಾಗದು.

ನನ್ನನ್ನು ಕಾಡುವುದು ಬೇರೊಂದು ಸಂಗತಿ. ಈ ಗೀತನಾಟಕವು ಯೇಸುವಿನ ದೈವತ್ವವನ್ನು ಪ್ರಶ್ನೆಯಾಗಿಯೇ ಬಿಟ್ಟು, ಶಿಲುಬೆಯ ಮರಣಕ್ಕೆ ಮುಗಿದುಹೋಗುತ್ತದೆ; ಕ್ರೈಸ್ತ ವಿಶ್ವಾಸದ ಅಡಿಗಲ್ಲಾದ ಪುನರುತ್ಥಾನ ಇದರಲ್ಲಿ ಇಲ್ಲ. 1971ರಲ್ಲಿ ನ್ಯೂಯಾರ್ಕಿನ ನಾಟಕಶಾಲೆಯ ಹೊರಗೆ ನಿಂತು ಪ್ರತಿಭಟಿಸಿದವರು ಇದನ್ನೂ ಹೇಳಿದ್ದರು. ಆ ಆಕ್ಷೇಪ ಬರಬರುತ್ತ ಕರಗಿತು. ಗಡ್ಡ ಬಿಟ್ಟ ಗಾಯಕರು ಶುಭ್ರವಸ್ತ್ರ ತೊಟ್ಟು ಐವತ್ತು ವರ್ಷ ಹಾಡಿದ ಮೇಲೆ ಜನಕ್ಕೆ ಇದೊಂದು ಭಕ್ತಿಯ ನಾಟಕವೆಂಬ ಭಾವನೆಯೇ ಬಂದುಬಿಟ್ಟಿತು. ಕಡೆಯಲ್ಲಿ ಬರುವುದು ಪದಗಳಿಲ್ಲದ ಒಂದು ವಾದ್ಯಸಂಗೀತ. ಅದಕ್ಕೆ ಕರ್ತೃಗಳಿಟ್ಟ ಹೆಸರು ಯೋಹಾನನ ಸುವಾರ್ತೆಯ 19ನೆಯ ಅಧ್ಯಾಯದ 41ನೆಯ ವಚನದ ಸಂಖ್ಯೆ, ತೋಟವನ್ನೂ ಅದರಲ್ಲಿದ್ದ ಹೊಸ ಸಮಾಧಿಯನ್ನೂ ಹೇಳುವ ವಚನ. ಇನ್ನೊಂದು ವಚನ ಕಳೆದರೆ 20ನೆಯ ಅಧ್ಯಾಯ. ಅಲ್ಲಿ ಬೆಳಗಿನ ಜಾವಕ್ಕೆ ಆ ಸಮಾಧಿಯ ಬಳಿಗೆ ಮೊದಲು ಬಂದವಳು, ಎದ್ದುಬಂದ ಯೇಸುವನ್ನು ಮೊದಲು ಕಂಡವಳು, ಆ ವಾರ್ತೆಯನ್ನು ಗಂಡಸರಿಗೆ ತಲುಪಿಸುವ ಕೆಲಸವನ್ನು ಆತನ ಬಾಯಿಂದಲೇ ಪಡೆದವಳು ಮಗ್ದಲದ ಮರಿಯ. ಈ ಗೀತನಾಟಕದಲ್ಲಿ ಅವಳಿಗಿರುವುದು ಒಂದು ಪ್ರೇಮಗೀತೆಯೂ, ಒಂದೆರಡು ಸಾಂತ್ವನದ ಹಾಡುಗಳೂ.