ಶವದ ಬಾಗಿಲು

ಇಂಗ್ಲೆಂಡಿನ ಅನೇಕ ಹಳ್ಳಿಗಳಲ್ಲಿ, ಇಗರ್ಜಿಯ ಸುತ್ತಣ ಸಮಾಧಿಯ ಅಂಗಳವನ್ನು ಹೊಗುವೆಡೆಯಲ್ಲಿ, ಮಾಡು ಹೊದಿಸಿದ ಬಾಗಿಲೊಂದುಂಟು. ಅದರ ಹೆಸರು ಲಿಚ್‌ಗೇಟ್. ಲಿಚ್ ಎಂಬುದು ಶವವೆಂಬರ್ಥದ ಹಳೆಯ ಮಾತು. ಹೊತ್ತು ತಂದವರು ಶವಪೆಟ್ಟಿಗೆಯನ್ನು ಅಲ್ಲಿಳಿಸಿ, ಮಳೆಯಲ್ಲಿ ನೆನೆಯದೆ ಪಾದ್ರಿಯ ಬರವನ್ನು ಕಾಯುತ್ತಿದ್ದರು. ಪಾದ್ರಿಯು ಅಂಗಳದ ಹೊಸ್ತಿಲಲ್ಲಿಯೇ ಶವವನ್ನು ಎದುರುಗೊಂಡು ಸಂಸ್ಕಾರದ ನುಡಿಯನ್ನಾರಂಭಿಸಬೇಕೆಂದು 1549ರ ಪ್ರಾರ್ಥನಾಗ್ರಂಥವು ವಿಧಿಸಿತ್ತು.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮಧ್ಯಯುಗದ ಶಿಲ್ಪರೀತಿಯ ಮೇಲೆ ಮತ್ತೆ ಮೋಹ ಹುಟ್ಟಿ, ಇಂತಹ ಬಾಗಿಲುಗಳು ಹೊಸದಾಗಿ ಎದ್ದವು. ಗ್ಲಾಸ್ಟರ್‌ಷೈರಿನ ಕೋಲ್‌ಪಿಟ್ ಹೀತ್ ಎಂಬ ಗಣಿಯೂರಿನಲ್ಲಿ ವಿಲಿಯಂ ಬಟರ್‌ಫೀಲ್ಡನು 1844-45ರಲ್ಲಿ ಇಗರ್ಜಿಯೊಡನೆ ರಚಿಸಿದ ಬಾಗಿಲು ಅವುಗಳಲ್ಲೊಂದು. ಕೆಳಗೆ ಕಲ್ಲಿನ ಗಿಡ್ಡಗೋಡೆ, ಮೇಲೆ ಓಕ್ ಮರದ ಕಂಬ ತೊಲೆಗಳು, ಕಡಿದಾದ ಮಾಡು, ಇಕ್ಕೆಲದಲ್ಲಿ ಕುಳ್ಳಿರಲು ಜಗಲಿ, ಕೆಲವೆಡೆ ನಡುವೆ ಪೆಟ್ಟಿಗೆಯನ್ನಿಡುವ ಕಲ್ಲು: ಈ ಬಗೆಯ ಬಾಗಿಲುಗಳ ಲಕ್ಷಣವಿದು. ಹೊರುವವರ ಹೆಗಲ ನೋವನ್ನು ನೆನೆದು ಕಟ್ಟಿದ ಕಟ್ಟಡಗಳು ಲೋಕದಲ್ಲಿ ಎಷ್ಟಿವೆ?

ಆದರೆ ಇಷ್ಟು ಕರುಣೆಯಿಂದ ಮಾಡು ಹೊದಿಸಿದ ಸಮಾಜವೇ ಕೆಲವರಿಗೆ ನುಡಿಯನ್ನು ನಿರಾಕರಿಸಿತು. ದೀಕ್ಷಾಸ್ನಾನವಾಗದವರು, ಬಹಿಷ್ಕೃತರು, ಆತ್ಮಹತ್ಯೆ ಮಾಡಿಕೊಂಡವರು, ಇವರ ಶವದ ಮುಂದೆ ಸಂಸ್ಕಾರದ ಪಾಠವನ್ನು ಓದಲಾಗದೆಂದು 1662ರ ಗ್ರಂಥವು ಸಾರಿತ್ತು. ಆತ್ಮಹತ್ಯೆ ಮಾಡಿಕೊಂಡವರಿಗೆ 1823ರ ಶಾಸನವು ಅಂಗಳದಲ್ಲಿ ನೆಲವನ್ನೇನೋ ಕೊಟ್ಟಿತು. ಅದೂ ರಾತ್ರಿ 9ರಿಂದ 12 ಘಂಟೆಯೊಳಗೆ, ಮಾತಿಲ್ಲದೆ. 1878ರಲ್ಲಿ ಸಫೊಕ್ ಪ್ರಾಂತದ ಏಕನ್‌ಹ್ಯಾಮಿನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ತಂದೆತಾಯಿಗಳು ಶೈಶವದಲ್ಲಿ ದೀಕ್ಷಾಸ್ನಾನ ಮಾಡಿಸದ ಬ್ಯಾಪ್ಟಿಸ್ಟ್ ಪಂಥದವರು. ಅವರ ಕಡೆಯ ಬೋಧಕನು ಅಂಗಳದ ಹೊರಗಣ ಹುಲ್ಲುಗಾವಲಿನಲ್ಲಿ ನಿಂತು ಪ್ರಾರ್ಥಿಸಬೇಕಾಯಿತು. ಊರ ಪಾದ್ರಿಯು ಅಲ್ಲಿಗೂ ಬಂದು ವಾದಿಸಿದನು. ನುಡಿ ಹೊರಗೆ, ಮಣ್ಣು ಒಳಗೆ.

ಹಾಗಾದರೆ ಆ ಮಾಡಿನ ಕರುಣೆ ಸಟೆಯೆ? ಹಾಗೆನ್ನುವುದು ಅವಸರದ ತೀರ್ಪಾದೀತು. ಬಡಗಿಯು ತೊಲೆಯನ್ನು ಕೆತ್ತುವಾಗ ಅದರಡಿ ನಿಲ್ಲುವವನ ಪಂಥವನ್ನು ಕೇಳಲಿಲ್ಲ. ಕೇಳುವ ಪ್ರಸಂಗವೂ ಅವನಿಗಿರಲಿಲ್ಲ. ಆದುದರಿಂದ ಅವನ ದಯೆ ಪರೀಕ್ಷೆಗೆ ಒಳಗಾಗದ ದಯೆ. ಪಾದ್ರಿಗಾದರೋ ಕೇಳುವ ಅಧಿಕಾರವಿತ್ತು. ಶಾಸ್ತ್ರದ ಬಲವೂ ಇತ್ತು. ಅವನು ಕ್ರೂರಿಯೇ ಆಗಿರಬೇಕೆಂದಿಲ್ಲ, ನಿಯಮನಿಷ್ಠನಾಗಿದ್ದರೂ ಸಾಕಿತ್ತು. ಮಗುವನ್ನು ಕಳೆದುಕೊಂಡವಳಿಗೆ ಈ ಭೇದದಿಂದ ಆಗುವುದೇನು? ನೆನೆಯದಿರಲು ಸೂರು ದೊರೆತರೂ ಎದುರುಗೊಳ್ಳುವವನು ಬಾರದಿದ್ದರೆ, ಆ ಸೂರಿನ ಅಂದವೇ ಅವಳನ್ನು ಹೆಚ್ಚು ನೋಯಿಸುವುದು.

1880ರ ಶಾಸನವು, ಪಾದ್ರಿಗೆ 48 ಘಂಟೆ ಮುಂಚೆ ತಿಳಿಸಿದರೆ, ಪರಪಂಥದವರೂ ತಮ್ಮ ಬೋಧಕನಿಂದ ಅಂಗಳದೊಳಗೆ ಪ್ರಾರ್ಥನೆ ಮಾಡಿಸಬಹುದೆಂದಿತು. ಎರಡು ವರ್ಷಗಳ ಬಳಿಕ, ಆತ್ಮಹತ್ಯೆ ಮಾಡಿಕೊಂಡವರ ಶವಕ್ಕೆ ವಿಧಿಸಿದ್ದ ರಾತ್ರಿಯ ಕಟ್ಟೂ ತೊಲಗಿತು.